ಬೈಕ್ ನಡೆಸಿದ ಗೆಳೆಯ

ಎಂಟು ವರ್ಷದ ತಿರುಗಾಟಕ್ಕೆ ಹುಲಿಗೇಶನಿಗೆ ಸಿಕ್ಕಿದ್ದು ಅರ್ಧ ಸಾಲು. ಮಸ್ಕಿಯ ಹೈಸ್ಕೂಲ್ ಮಾಸ್ತರ ನಾಸೀರ್ ತನ್ನ ಪುಸ್ತಕದ ಮುನ್ನುಡಿಯನ್ನು ಅವನಿಗೆ ಓದಿ ಹೇಳಿದ್ದ. ಹಳ್ಳಿಹಳ್ಳಿ ಸುತ್ತಿ ಕೂಡಿಸಿದ ಮೊಹರಂ ಪದಗಳ ಪುಸ್ತಕ ಅದು. ಹಾಡಿಕೊಟ್ಟ ಮುದುಕರಿಗೆಲ್ಲ ಒಂದೊಂದು ಪ್ಯಾರಾ ಇತ್ತು. ಎಲ್ಲರ ಕೊನೆಗೆ, 'ಬೈಕ್ ನಡೆಸಿದ ಗೆಳೆಯ ಹುಲಿಗೇಶನಿಗೂ'.

"ಹೆಂಗೈತಿ ಲೇ?" ಎಂದು ಕೇಳಿದ್ದ ನಾಸೀರ್.

"ಚೊಲೋ ಐತಿ."

ಸಂತೆಕಲ್ಲೂರಿನ ಗದ್ದೆಮ್ಮ ಒಂಬತ್ತು ಪದ ಹಾಡಿದ್ದು ನಾಸೀರ್ ಜ್ವರದಿಂದ ಮಲಗಿದ್ದ ದಿನ. ಬರೆದುಕೊಂಡವನು ಹುಲಿಗೇಶ. ಅದನ್ನು ಆಗಲೇ ಹೇಳಬಹುದಿತ್ತು, ಹೇಳಲಿಲ್ಲ. ಮುಂದಿನ ತಿಂಗಳು ನಾಸೀರ್ ಪಾಠ ಮಾಡುತ್ತಲೇ ಕುಸಿದು ಸತ್ತ.

ಹುಲಿಗೇಶ ಸಿಂಧನೂರಿನ ರೈಸ್ ಮಿಲ್ಲಿನ ವೇಬ್ರಿಡ್ಜ್‌ನಲ್ಲಿ ತೂಕದ ಚೀಟಿ ಬರೆಯುತ್ತಿದ್ದ. ಮದುವೆಯಾಗಿರಲಿಲ್ಲ. ಈಗ ಭಾನುವಾರ ಬಂದರೆ ಬೈಕ್ ತೊಳೆದು ಒರೆಸಿ, ಹೋಗುವ ಊರಿಲ್ಲದೆ ಅದರ ಪಕ್ಕದಲ್ಲೇ ಕೂರುತ್ತಿದ್ದ. ಅಂಥದೊಂದು ಭಾನುವಾರ ನಾಸೀರನ ಹೆಂಡತಿ ಮೆಹರಬಾನು ಅವನನ್ನು ಮಸ್ಕಿಗೆ ಕರೆಸಿ ಗಂಡನ ಲ್ಯಾಪ್‌ಟಾಪ್ ಕೈಗಿತ್ತಳು.

"ಇದ್ರಾಗ ಅವ್ರ ಪುಸ್ತಕ ಐತಿ ಅಣ್ಣಾ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಹ್ಯಾಂಗರ ಮಾಡಿ ತೆಗಿಸಿಕೊಡ್ರಿ. ಅವ್ರ ಹೆಸರು ಅಚ್ಚಿನ್ಯಾಗ ನೋಡ್ಬೇಕು ನಾನು."

ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದು ಬೀಗದ ಚಿತ್ರ, ಒಂದು ಖಾಲಿ ಚೌಕ, ಅಷ್ಟೇ. ಸಿಂಧನೂರಿನ ರಿಪೇರಿಯವನು ತಲೆಯಾಡಿಸಿದ. "ಇದು ಮಾಮೂಲಿ ಪಾಸ್‌ವರ್ಡ್ ಅಲ್ರಿ. ಬೋರ್ಡಿನ ಚಿಪ್ಪಿನ್ಯಾಗ ಕುಂತೈತಿ. ಡಿಸ್ಕೂ ಬೋರ್ಡಿಗೇ ಅಂಟೈತಿ, ಬಿಚ್ಚಾಕ ಬರಂಗಿಲ್ಲ. ಖರೀದಿ ಬಿಲ್ ಹಿಡ್ಕೊಂಡು ಬಿಲ್ಲಿನ್ಯಾಗ ಹೆಸರಿದ್ದವ್ರೇ ಹೋದ್ರ ಕಂಪನಿಯವ್ರು ತೆಗೀತಾರ."

ಬಿಲ್ ಲ್ಯಾಪ್‌ಟಾಪ್ ಬ್ಯಾಗಿನ ಕಿಸೆಯಲ್ಲೇ ನಾಲ್ಕು ಮಡಿಕೆಯಾಗಿ ಕೂತಿತ್ತು. ಅದನ್ನು ಬಿಡಿಸುತ್ತಿದ್ದಂತೆ ಹುಲಿಗೇಶನಿಗೆ ಉಪಾಯ ಹೊಳೆಯಿತು. ಬೀಗ ತೆಗೆಸುವುದು. ಎಲ್ಲವನ್ನೂ ನಕಲು ಮಾಡಿಕೊಳ್ಳುವುದು. ತನ್ನದೇ ಪಾಸ್‌ವರ್ಡ್ ಹಾಕಿ ಮತ್ತೆ ಮುಚ್ಚಿ, ಆಗಲಿಲ್ಲವೆಂದು ಹಿಂದಿರುಗಿಸುವುದು. ಏನೂ ಕಡಿಮೆಯಾಗದ ಕಳವನ್ನು ಯಾರು ಹುಡುಕುತ್ತಾರೆ? ಒಂದು ವರ್ಷ ಬಿಟ್ಟು ಪುಸ್ತಕ ತನ್ನ ಹೆಸರಿನಲ್ಲಿ ಬಂದರೆ ಹಳ್ಳಿಗಳವರೂ ಒಪ್ಪುತ್ತಾರೆ, ಅವರು ಇಬ್ಬರನ್ನೂ ನೋಡಿದವರೇ. ಮುನ್ನುಡಿಯ ಕೊನೆಯನ್ನೂ ಮನಸ್ಸಿನಲ್ಲೇ ಬರೆದುಕೊಂಡ: 'ಜೊತೆಗೆ ಬರುತ್ತಿದ್ದ ಗೆಳೆಯ ದಿವಂಗತ ನಾಸೀರನಿಗೂ'.

ಸರ್ವಿಸ್ ಸೆಂಟರ್ ಸಿಂಧನೂರಿನಲ್ಲೂ ಇತ್ತು. ಆದರೆ ಅಲ್ಲಿ ತನ್ನ ಗುರುತಿನವರು ಬಹಳ. ಮರುವಾರದ ಮಂಗಳವಾರ ರಜೆ ಹಾಕಿ ಲಿಂಗಸುಗೂರಿಗೆ ಹೊರಟ. ಬೈಕನ್ನು ಮಸ್ಕಿಯಲ್ಲಿ ಎಲ್ಲರೂ ಬಲ್ಲರೆಂದು ಬಸ್ ಹಿಡಿದ. ಮಸ್ಕಿ ಸ್ಟ್ಯಾಂಡಿನಲ್ಲಿ ಬಸ್ ನಿಂತ ಹತ್ತು ನಿಮಿಷ ತಲೆ ತಗ್ಗಿಸಿಕೊಂಡೇ ಕೂತಿದ್ದ.

ಕೌಂಟರಿನಲ್ಲಿದ್ದ ಖಾಜಾಸಾಬ್ ಬಿಲ್ ಓದಿ ನಕ್ಕ. "ನಾಸೀರ್ ಭಾಯ್, ಪಾಸ್‌ವರ್ಡ್ ಮರ್ತ್ರೇನು?"

"ಹೌ ಭಾಯ್," ಎಂದ ಹುಲಿಗೇಶ, ನಾಸೀರನ ಧಾಟಿಯಲ್ಲೇ. ಸಹಿಯನ್ನೂ ಹಾಗೆಯೇ ಹಾಕಿದ. ಹಾಳಾದ ತೂಕದ ಚೀಟಿಗಳ ಹಿಂದೆ ಮೂರು ದಿನ ತಿದ್ದಿ ಅಭ್ಯಾಸ ಮಾಡಿದ ಸಹಿ ಅದು.

"ಬಿಲ್ ಕಳಿಸೀನಿ. ಕಂಪನಿಯಿಂದ ಕೋಡ್ ಬರ್ಬೇಕು. ಕುಂದರ್ರಿ, ಚಾ ತರಸ್ತೀನಿ."

ಎರಡು ತಾಸು ಕೂತ. ನಡುನಡುವೆ ಖಾಜಾಸಾಬ್ "ನಾಸೀರ್ ಭಾಯ್" ಎಂದು ಮಾತಿಗೆಳೆಯುತ್ತಿದ್ದ. ಐದು ತಿಂಗಳಿಂದ ಆ ಹೆಸರನ್ನು ತನ್ನೆದುರು ಹೀಗೆ ಯಾರೂ ಕೂಗಿರಲಿಲ್ಲ. ಒಮ್ಮೆಯಂತೂ ಉತ್ತರ ಕೊಡುವ ಮೊದಲು ಹುಲಿಗೇಶ ಹಿಂದಿರುಗಿ ಬಾಗಿಲ ಕಡೆ ನೋಡಿದ.

ಬೀಗ ತೆರೆಯಿತು.

ತನ್ನ ಕೋಣೆಯಲ್ಲಿ ಕೂತು ಒಂದೊಂದೇ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡ. ಧ್ವನಿಮುದ್ರಣಗಳೂ ಇದ್ದವು. ಒಂದನ್ನು ಒತ್ತಿದಾಗ ಹಾಡು ಮುಗಿದು ನಾಸೀರನ ಮಾತು ಕೇಳಿಸಿತು. "ನಡಿ ಲೇ ಹುಲಿಗ್ಯಾ, ಜವಳಗೇರಾ ಮುಟ್ಟೋದ್ರಾಗ ಮಳಿ ಹಿಡಿತೈತಿ." ಹಿಂದೆಯೇ ತನ್ನ ನಗು. ಅದನ್ನು ಮೂರು ಸಲ ಕೇಳಿದ. ಆಮೇಲೆ ಅದನ್ನೂ ನಕಲು ಮಾಡಿಕೊಂಡು, ಹೊಸ ಪಾಸ್‌ವರ್ಡ್ ಹಾಕಿದ. ಆರಿಸಿ ಹಚ್ಚಿ ನೋಡಿದ. ಅದೇ ಬೀಗದ ಚಿತ್ರ, ಅದೇ ಖಾಲಿ ಚೌಕ. ಬಿಲ್ಲನ್ನು ಸ್ಟೋವಿನ ಮೇಲೆ ಸುಟ್ಟ.

ಭಾನುವಾರ ಮಸ್ಕಿಯಲ್ಲಿ ಮೆಹರಬಾನು ಚಹಾ ಕೊಟ್ಟು ಎದುರಿಗೆ ಕೂತಳು.

"ಆಗ್ಲಿಲ್ಲ ಭಾಬಿ," ಎಂದ ಹುಲಿಗೇಶ. "ಚಿಪ್ಪಿನ್ಯಾಗ ಕುಂತ ಬೀಗ. ಯಾರಿಂದೂ ತೆಗಿಯಾಕ ಬರಂಗಿಲ್ಲಂತ. ನಾನೂ ಬಾಳ ಕಡೆ ತೋರಿಸ್ದೆ."

ಅವಳು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಓಢಣಿಯ ಅಂಚಿನಿಂದ ನಿಧಾನವಾಗಿ ಒರೆಸಿದಳು. ಅಳುತ್ತಾಳೆಂದುಕೊಂಡಿದ್ದ. ಅಳಲಿಲ್ಲ.

ಎದ್ದು ಒಳಗೆ ಹೋಗಿ ನಾಸೀರನ ಫೋನ್ ತಂದಳು. ಅದಿನ್ನೂ ಚಾಲೂ ಇತ್ತು. "ಬಂದ್ ಮಾಡಾಕ ಮನಸ್ಸಾಗ್ಲಿಲ್ಲ ಅಣ್ಣಾ. ಗೊತ್ತಿಲ್ದವ್ರು ಈಗೂ ಫೋನ್ ಹಚ್ಚಿ, ಮಾಸ್ತರ್ ಅದಾರೇನ್ರಿ ಅಂತಾರ. ಅದನ್ನ ಕೇಳಾಕಂತನ ತಿಂಗಳಾ ರಿಚಾರ್ಜ್ ಮಾಡಸ್ತೀನಿ." ಪರದೆಯನ್ನು ಅವನ ಕಡೆ ತಿರುಗಿಸಿದಳು. ಬಿಲ್ಲಿನ ಮೇಲಿದ್ದ ನಂಬರಿಗೆ ಕಂಪನಿ ಕಳಿಸಿದ ಸಂದೇಶ: 'ನಾಸೀರ್ ಅವರೇ, ನಿಮ್ಮ ಲ್ಯಾಪ್‌ಟಾಪಿನ ಬೀಗವನ್ನು ಮಂಗಳವಾರ ನಮ್ಮ ಲಿಂಗಸುಗೂರು ಕೇಂದ್ರದಲ್ಲಿ ತೆರೆಯಲಾಗಿದೆ. ಖುದ್ದು ಬಂದದ್ದಕ್ಕೆ ಧನ್ಯವಾದ.' ಹುಲಿಗೇಶ ಎರಡು ಸಲ ಓದಿದ. ಕೈಯಲ್ಲಿದ್ದ ಚಹಾ ಆರಿತ್ತು. "ಮಂಗಳವಾರದಿಂದ ನಾ ಕಾಯಾಕತ್ತೀನಿ, ನೀವಾ ಬಂದು ಹೇಳ್ತೀರಂತ," ಎಂದಳು ಮೆಹರಬಾನು. "ಈಗರ ಹೇಳ್ರಿ ಅಣ್ಣಾ. ಅವತ್ತು ಅವ್ರಾಗಿ ಹೋದವ್ರು ಯಾರು?"