ಕೇಳುವವನ ಮಣೆ

"ಒಬ್ರೇ ಗಟ್ಟಿಯಾಗಿ ಓದ್ಬೇಡಿ ಸರ್. ಎದುರಿಗೆ ಕೇಳೋಕೆ ಒಬ್ರು ಇರ್ಲೇಬೇಕು," ಎಂದ ಮಠದ ಮುದಿ ಗ್ರಂಥಪಾಲಕ, ಎದುರಿನ ಮಣೆಯ ಮೇಲೆ ಕೂರುತ್ತಾ.

"ಇಲ್ದಿದ್ರೆ?"

"ಬೇರೆ ಯಾರೋ ಬಂದು ಕೂರ್ತಾರೆ."

ಪರೀಕ್ಷಕ ನಕ್ಕುಬಿಟ್ಟ. ಹಸ್ತಪ್ರತಿಗಳ ಹಾಳೆಗಳನ್ನು ಯಾರಾದರೂ ಕದ್ದು ಬದಲಿಸಿದ್ದಾರೆಯೇ ಎಂದು ಊರೂರು ತಿರುಗಿ ನೋಡುವವನಿಗೆ, ಬೇಲಿಯೇ ಎದ್ದು ಹೊಲ ಮೇಯುವುದು ಹೊಸದಲ್ಲ. ಈ ಮುದುಕ ಕಾವಲಿಗೆ ಕೂತಿರುವುದೇ ಕದ್ದದ್ದನ್ನು ಮುಚ್ಚಿಡಲು ಎಂದುಕೊಂಡ. ಅನುಮಾನಕ್ಕೆ ಮದ್ದುಂಟೇ?

"ಅಜ್ಜಾ, ಹೊರಗಿರಿ," ಎಂದು ಚಿಲಕ ಹಾಕಿಕೊಂಡ.

ಮಧ್ಯಾಹ್ನ ಅಮ್ಮನ ಫೋನು ಬರುವುದರೊಳಗೆ ಹಾಳೆಗಳ ಒಂದು ಕಟ್ಟಾದರೂ ಮುಗಿಯಬೇಕಿತ್ತು. ಎರಡೂ ಕಣ್ಣು ಹೋದ ಮೇಲೆ ಅವಳಿಗೆ ಮಗನೆಂದರೆ ಅವನ ದನಿ. ಅದು ಕಿವಿಗೆ ಬೀಳದೆ ತುತ್ತೆತ್ತುತ್ತಿರಲಿಲ್ಲ.

ಗೋಡೆಯ ತುಂಬ ಹಳೆಯ ಚಿತ್ರಗಳು. ಎಲ್ಲದರಲ್ಲೂ ಓದುವವನೊಬ್ಬ, ಕೇಳುವವನೊಬ್ಬ. ಮೂಲೆಯ ಒಂದರಲ್ಲಿ ಮಾತ್ರ ಓದುವವನು ಬಾಯಿ ಹರಿಯುವಂತೆ ಕೂಗುತ್ತಿದ್ದ. ಸುತ್ತಲಿನವರು ತಮ್ಮ ಪಾಡಿಗೆ ಉಣ್ಣುತ್ತಿದ್ದರು. ಅವನೆದುರಿನ ಆಕೃತಿಯನ್ನು ಯಾರೋ ಕೆರೆದು ತೆಗೆದಿದ್ದರು. ಇದೂ ಮುದುಕನ ಕೈವಾಡವೇ ಎಂದು ಪರೀಕ್ಷಕ ಬರೆದುಕೊಂಡ.

ಸಾಲು ತಪ್ಪದಿರಲೆಂದು ಅವನು ಗಟ್ಟಿಯಾಗಿಯೇ ಓದಿದ. ಮುಗ್ಗಲು ಕಾಗದ, ಇಲಿಹಿಕ್ಕೆ, ಕಮಟು ಎಣ್ಣೆಯ ವಾಸನೆ. ನಾಲ್ಕನೇ ಹಾಳೆಗೆ ಇನ್ನೊಂದು ವಾಸನೆ ಸೇರಿತು. ಬಹುಕಾಲ ಬಾಯಿ ತೆರೆಯದವರ ಉಸಿರಿನ ವಾಸನೆ. ಮಣೆ ಕಿರ್ ಎಂದಿತು. ಮುದುಕ ಹೇಗೋ ನುಸುಳಿ ಬಂದನೆಂದು ತಲೆಯೆತ್ತಿದ. ಚಿಲಕ ಹಾಕಿದಂತೆಯೇ ಇತ್ತು. ಮಣೆ ಖಾಲಿ. ಅದರ ಮೇಲಿನ ದಿಂಬು ಮಾತ್ರ ನಿಧಾನವಾಗಿ ತಗ್ಗಿತು.

ಕಿಟಕಿಯ ಬೆಳಕು ಕುಂದಿತು. ನಿಲ್ಲಿಸಬೇಕೆಂದುಕೊಂಡ. ನಾಲಿಗೆ ನಿಲ್ಲಲಿಲ್ಲ. ಹಾಳೆ ಮುಗಿಯಿತು. ಇನ್ನೊಂದು. ಮತ್ತೊಂದು. ಸಾಲು ಸಾಲಿಗೂ ಯಾರೋ ಹೂಂಗುಟ್ಟುತ್ತಿದ್ದರು. ಹೂಂ. ಹತ್ತಿರದಿಂದ. ಹೂಂ. ಕಿವಿಗೆ ಉಸಿರು ತಾಕಿತು. ಕಟ್ಟನ್ನು ಎಸೆದ. ಓಡಿದ. ಚಿಲಕ ಕಿತ್ತ. ಹೊರಗೆ ಸುಡುಬಿಸಿಲು. ಬದುಕಿಕೊಂಡೆ ಎನಿಸಿತು.

ಮುದುಕ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕುಳಿತಿದ್ದ. "ಅಜ್ಜಾ!" ಎಂದು ಕೂಗಿದರೂ ತಿರುಗಲಿಲ್ಲ. ಭುಜ ಹಿಡಿದು ಅಲುಗಿಸಿದಾಗ ತಿರುಗಿ, ಪರೀಕ್ಷಕನ ಆಡುತ್ತಿದ್ದ ತುಟಿಗಳನ್ನೇ ನೋಡಿದ. ಮುಖ ಬಿಳಿಚಿಕೊಂಡಿತು.

"ಒಬ್ರೇ ಓದ್ಬಿಟ್ರಾ? ಕೂಗ್ಬೇಡಿ ಸರ್. ನಿಮ್ಮ ದನಿ ಇನ್ಮೇಲೆ ಅದಕ್ಕೊಂದಕ್ಕೇ ಕೇಳ್ಸೋದು. ನಮಗ್ಯಾರಿಗೂ ಇಲ್ಲ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಊಟ ಆಯ್ತೇನೋ ಮಗಾ? ಹಲೋ? ಉಸಿರಾಡೋದು ಕೇಳಿಸ್ತಿದೆ, ಯಾರದು?"

"ನಾನೇ ಅಮ್ಮಾ!"

"ಮಾತೇ ಆಡ್ತಿಲ್ವಲ್ಲ, ಯಾರೋ ನೀನು? ನನ್ನ ಮಗನ ಫೋನು ನಿನ್ನ ಕೈಗೆ ಹೇಗ್ಬಂತು?"

ಪರೀಕ್ಷಕ ಫೋನನ್ನು ಮುದುಕನ ಬಾಯಿಗೆ ಹಿಡಿದ.

"ತಾಯೀ, ನಿಮ್ಮ ಮಗ ಇಲ್ಲೇ ಇದಾರೆ. ಚೆನ್ನಾಗಿದಾರೆ," ಎಂದ ಮುದುಕ.

"ಇದ್ರೆ ಒಂದ್ಸಲ 'ಅಮ್ಮಾ' ಅನ್ನಿಸು ನೋಡೋಣ!" ಅವಳ ದನಿ ಒಡೆಯಿತು. "ಕಳ್ಳಾ, ನನ್ನ ಮಗನ್ನ ಏನ್ ಮಾಡ್ದೆ?"

ಮಗ ಪಕ್ಕದಲ್ಲೇ ನಿಂತು, ಗಂಟಲು ಹರಿಯುವಂತೆ, ಅದೊಂದೇ ಮಾತನ್ನು ಕೂಗುತ್ತಿದ್ದ.