ಚುಕ್ಕಿಯಿಲ್ಲದ ಆರನೇ ಮನೆ

ಹಾಡು ಆ ಜಾಗಕ್ಕೆ ಬರುತ್ತಿದ್ದ ಹಾಗೇ ಮಿಡತೆಯ ಬಲಗೈ ಕಿರುಬೆರಳು ಗಿಟಾರಿನ ವಾಲ್ಯೂಮ್ ನಾಬ್ ಕಡೆ ಜಾರಿತು. ಸರಕ್ಕನೆ ಒಂದು ತಿರುವು. ಸೊನ್ನೆ!

ಅವಳ ಕೈಗಳು ತಂತಿಗಳ ಮೇಲೆ ಓಡಾಡುತ್ತಲೇ ಇದ್ದವು. ತಲೆಯೂ ತಾಳಕ್ಕೆ ಸರಿಯಾಗಿ ತೂಗುತ್ತಿತ್ತು. ಗಿಟಾರಿನ ಸದ್ದು ಹೊರಡಿಸುವ ಪಕ್ಕದ ಆಂಪ್ ಪೆಟ್ಟಿಗೆ ಮಾತ್ರ ಗಪ್‌ಚಿಪ್. ಡ್ರಮ್ಸ್ ಹತ್ತಿರ ನಿಂತು ಕೈ ಬೀಸುವ ಬ್ಯಾಂಡ್ ಸರ್‌ಗೆ, ಆ ಧಡಬಡದಲ್ಲಿ ಇದೆಲ್ಲ ಗೊತ್ತಾಗುತ್ತಲೇ ಇರಲಿಲ್ಲ.

"ನಿಲ್ಸಿ, ನಿಲ್ಸಿ!" ಸರ್ ಕೂಗಿದರು.

ಮಿಡತೆ ತಂತಿಗಳ ಮೇಲಿನ ಕೈ ನಿಲ್ಲಿಸಿದಳು. ಸಿಕ್ಕಿಬಿದ್ದೆ!

ಆದರೆ ಸರ್ ನೋಡಿದ್ದು ಅವಳನ್ನಲ್ಲ, ಪಕ್ಕದಲ್ಲಿದ್ದ ಬಲೂನನ್ನು. ಸ್ಯಾಕ್ಸೊಫೋನ್ ಊದುವಾಗ ಕೆನ್ನೆ ಎರಡೂ ಗುಂಡಗಾಗುವುದರಿಂದ ಅವನಿಗೆ ಆ ಹೆಸರು, ಉದ್ದುದ್ದ ಕಾಲುಗಳಿಂದ ಅವಳಿಗೆ ಮಿಡತೆ ಅಂತ ಹೆಸರು ಬಿದ್ದ ಹಾಗೇ.

"ಮತ್ತೆ ಲೇಟು! ಗಿಟಾರು ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೆ ಹೋಗಿ ನಿಲ್ಲತ್ತೆ. ನಿಂತ ತಕ್ಷಣ ನೀನು ಶುರು ಮಾಡ್ಬೇಕು. ಎಷ್ಟು ಸಲ ಹೇಳ್ಲಿ?"

"ಸಾರಿ ಸರ್."

"ನಾಳೆನೂ ಹೀಗೇ ಆದ್ರೆ ನಿನ್ನ ಭಾಗ ಕೀಬೋರ್ಡ್‌ಗೆ ಕೊಟ್ಬಿಡ್ತೀನಿ, ಅಷ್ಟೇ."

ಬಲೂನು ತಲೆ ತಗ್ಗಿಸಿದ. ಮಿಡತೆ ತನ್ನ ಶೂ ನೋಡಿಕೊಂಡಳು.

ಚಿಕ್ಕಪ್ಪ ತಮ್ಮ ಹಳೇ ಗಿಟಾರು ಕೊಟ್ಟಾಗ ಪೆಂಟಟೋನಿಕ್ ಅಂತ ಒಂದು ಸ್ಕೇಲ್ ಕಲಿಸಿದ್ದರು. ಐದೇ ಐದು ಸ್ವರ. ಅದನ್ನು ಇ ಮೈನರ್ ಅನ್ನುವ ಶ್ರುತಿಯಲ್ಲಿ ನುಡಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಬೆರಳೇ ಇಡದ ಖಾಲಿ ತಂತಿಗಳೂ ಅದರಲ್ಲಿ ಸರಿಯಾಗಿಯೇ ನುಡಿಯುತ್ತವೆ. ಆದರೆ ಈ ಹೊಸ ಹಾಡು ಬಿ ಫ್ಲ್ಯಾಟ್ ಮೈನರ್. ಇದರಲ್ಲಿ ಒಂದು ಖಾಲಿ ತಂತಿಯೂ ಹೊಂದುವುದಿಲ್ಲ. ಎಲ್ಲಾ ಸ್ವರವನ್ನೂ ಬೆರಳಿಂದ ಒತ್ತಿಯೇ ತೆಗೆಯಬೇಕು. "ಈ ಸ್ಕೇಲ್ ಬರತ್ತಾ?" ಅಂತ ಸರ್ ಕೇಳಿದಾಗ, ಎಲ್ಲರೂ ನೋಡುತ್ತಿದ್ದರಲ್ಲ, "ಬರತ್ತೆ ಸರ್" ಅಂದುಬಿಟ್ಟಿದ್ದಳು.

ಪ್ರಾಕ್ಟೀಸ್ ಮುಗಿದು ಮೆಟ್ಟಿಲು ಇಳಿಯುವಾಗ ಬಲೂನು ಹಿಂದಿನಿಂದ ಓಡಿಬಂದ.

"ಏ, ಒಂದು ಕೇಳ್ಲಾ? ಯಾರಿಗೂ ಹೇಳ್ಬಾರ್ದು."

"ಏನು?"

"ನಿನ್ನ ಗಿಟಾರು ನಂಗೆ ಕೇಳ್ಸೋದೇ ಇಲ್ಲ ಕಣೇ. ಬೇರೆ ಹಾಡಲ್ಲಿ ಕೇಳ್ಸತ್ತೆ. ಇದ್ರಲ್ಲಿ ಎಷ್ಟು ಕಿವಿ ಕೊಟ್ರೂ ಇಲ್ಲ. ನನ್ನ ಕಿವಿ ಏನಾದ್ರೂ ಹಾಳಾಗಿದ್ಯಾ ಅಂತ..."

ಮಿಡತೆ ಗಿಟಾರಿನ ಚೀಲದ ಪಟ್ಟಿ ಸರಿಮಾಡಿಕೊಂಡಳು. ಹೇಳಿಬಿಡಲಾ? ಹೇಳಿದರೆ ಇವನು ಸರ್‌ಗೆ ಹೇಳುತ್ತಾನೆ. ಸರ್ ಬ್ಯಾಂಡಿನಿಂದಲೇ ತೆಗೆಯುತ್ತಾರೆ.

"ನಂಗೇನ್ ಗೊತ್ತು," ಅಂದಳು. "ಅಮ್ಮ ಕಾಯ್ತಿರ್ತಾರೆ, ಬರ್ತೀನಿ."

ಮನೆಯಲ್ಲಿ ಅಮ್ಮ ಟೇಬಲ್ ಮೇಲೆ ಬಟ್ಟೆ ಹರಡಿಕೊಂಡು ಯಾರದೋ ಕೋಟಿಗೆ ಅಳತೆ ಹಾಕುತ್ತಿದ್ದರು. ಅಮ್ಮ ಟೈಲರ್. ಅದೇ ರೂಮಿನ ಮೂಲೆಯಲ್ಲಿ ಅಕ್ಕ ನಾಳೆಯ ಟೆಸ್ಟಿಗೆ ಓದುತ್ತಿದ್ದಳು. ಮಿಡತೆ ಮಂಚದ ತುದಿಯಲ್ಲಿ ಕೂತು ಗಿಟಾರ್ ಎತ್ತಿಕೊಂಡಳು.

ಗಿಟಾರಿನ ಕತ್ತಿನ ಉದ್ದಕ್ಕೂ ಅಡ್ಡಡ್ಡ ಲೋಹದ ಕಡ್ಡಿಗಳು. ಎರಡು ಕಡ್ಡಿಗಳ ನಡುವಿನ ಜಾಗಕ್ಕೆ ಅವಳು ಮನೆ ಅಂತಿದ್ದಳು. ಐದನೇ ಮನೆಗೆ ಬಿಳಿ ಚುಕ್ಕಿ ಇದೆ. ಏಳನೇ ಮನೆಗೂ ಇದೆ. ಹೊಸ ಹಾಡಿಗೆ ಬೇಕಾದ ಆರನೇ ಮನೆ ಮಾತ್ರ ಬೋಳು ಬೋಳು. ಬೆರಳು ಒಮ್ಮೆ ಅಲ್ಲಿಗೆ, ಒಮ್ಮೆ ಇಲ್ಲಿಗೆ ಹೋಗಿ ಬೀಳುತ್ತಿತ್ತು.

ಕೊಂಯ್... ಕೀಂಯ್...

"ಅಮ್ಮಾ, ಇವಳಿಗೆ ಹೇಳಮ್ಮ! ಯಾರದೋ ಹಲ್ಲು ಕೀಳೋ ಥರ ಇದೆ ಈ ಸೌಂಡು."

"ನಿನ್ನ ಹಲ್ಲಲ್ವಲ್ಲ, ನೀನು ಓದು," ಅಂದರು ಅಮ್ಮ, ಬಟ್ಟೆಯಿಂದ ಕಣ್ಣು ತೆಗೆಯದೆ.

ಮಿಡತೆ ಅಮ್ಮನ ಗುರುತು ಹಾಕುವ ಚಾಕ್ ತೆಗೆದು ಆರನೇ ಮನೆಗೆ ಒಂದು ಗೆರೆ ಎಳೆದಳು. ಈಗ ಸರಿಹೋಯಿತು! ಆದರೆ ನಾಲ್ಕು ಸಲ ನುಡಿಸುವಷ್ಟರಲ್ಲಿ ಬೆವರಿಗೆ ಗೆರೆ ಅಳಿಸಿಹೋಯಿತು. ಮತ್ತೆ ಎಳೆದಳು. ಮತ್ತೆ ಅಳಿಸಿತು. ಅವಳಿಗೆ ಅಳು ಬಂತು. ಕೋಪಕ್ಕೆ ಹಳೇ ಇ ಮೈನರನ್ನೇ ಜೋರಾಗಿ ನುಡಿಸಿದಳು.

ನುಡಿಸುತ್ತಾ ನುಡಿಸುತ್ತಾ ಕೈ ನಿಂತಿತು.

ಖಾಲಿ ತಂತಿ, ಮೂರನೇ ಮನೆ. ಖಾಲಿ, ಎರಡು. ಖಾಲಿ, ಎರಡು... ಹೊಸ ಹಾಡಲ್ಲೂ ಬೆರಳುಗಳು ಹೋಗುವ ದಾರಿ ಇದೇ ಅಲ್ವಾ? ಖಾಲಿ ತಂತಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಆರನೇ ಮನೆಯಲ್ಲಿ ತೋರುಬೆರಳು ಮಾಡಬೇಕು. ಇಷ್ಟು ದಿನ ಸುಮ್ಮನೆ ಕೂತಿದ್ದ ಎಡಗೈ ಕಿರುಬೆರಳು ಎದ್ದು ದುಡಿಯಬೇಕು. ಅಷ್ಟೇ!

ಅಷ್ಟೇ ಅಂದರೂ ಕಿರುಬೆರಳು ಗಡಗಡ ನಡುಗುತ್ತಿತ್ತು. ಊಟಕ್ಕೆ ಕರೆಯುವಷ್ಟರಲ್ಲಿ ಅದರ ತುದಿ ಕೆಂಪಗೆ ಉರಿಯುತ್ತಿತ್ತು. ಒಮ್ಮೆ ಸರಿ ಬಂದರೆ ಎರಡು ಸಲ ತಪ್ಪುತ್ತಿತ್ತು.

ಮರುದಿನ ಬಲೂನು ಬ್ಯಾಂಡ್ ರೂಮಿನ ಹೊರಗೆ ಒಬ್ಬನೇ ನಿಂತಿದ್ದ. ಅವನ ಕಿವಿಯಲ್ಲಿ ಬಿಳಿ ಹತ್ತಿ!

"ಏನಿದು?"

"ಡ್ರಾಪ್ಸ್. ಅಮ್ಮಂಗೆ ಹೇಳ್ದೆ. ಅವರು ಎರಡೂ ಕಿವಿಗೆ ಹಾಕ್ಬಿಟ್ರು. ನಾಡಿದ್ದು ಡಾಕ್ಟರ್ ಹತ್ರ ಬೇರೆ ಹೋಗ್ಬೇಕಂತೆ."

ಮಿಡತೆಗೆ ಇನ್ನು ತಡೆಯಲಾಗಲಿಲ್ಲ. "ನಿನ್ನ ಕಿವಿ ಸರಿಯಾಗೇ ಇದೆ ಕಣೋ. ನಾನೇ ಸೌಂಡ್ ಆಫ್ ಮಾಡ್ತಿದ್ದೆ. ನಂಗೆ ಆ ಸ್ಕೇಲ್ ಬರ್ತಿರ್ಲಿಲ್ಲ."

ಬಲೂನು ಹತ್ತಿ ಕಿತ್ತು ಕೈಯಲ್ಲಿ ಹಿಡಿದುಕೊಂಡ. ಅವನು ಕಿರುಚಾಡಿದ್ದರೇ ಚೆನ್ನಾಗಿತ್ತು.

"ದಿನಾ ಬೈಸ್ಕೊಳ್ತಿದ್ನಲ್ಲ," ಅಂದ ಮೆಲ್ಲಗೆ. "ಪಕ್ಕದಲ್ಲೇ ಇದ್ಯಲ್ಲ ನೀನು."

ಅಷ್ಟರಲ್ಲಿ ಒಳಗಿನಿಂದ ಸರ್ ಚಪ್ಪಾಳೆ ತಟ್ಟಿದರು. ಬಲೂನು ಅವಳ ಕಡೆ ನೋಡದೆ ಒಳಗೆ ಹೋದ.

ಹಾಡು ಶುರುವಾಯಿತು. ಆ ಜಾಗ ಬಂತು. ಈ ಸಲ ಮಿಡತೆ ನಾಬ್ ಮುಟ್ಟಲಿಲ್ಲ. ತೋರುಬೆರಳನ್ನು ಆರನೇ ಮನೆಗೆ ಒತ್ತಿ ಸ್ವರದ ಮೆಟ್ಟಿಲು ಹತ್ತತೊಡಗಿದಳು. ಒಂದು. ಎರಡು. ಮೂರು... ಕೀಂಯ್!

ಡ್ರಮ್ಸ್ ಹುಡುಗಿ ಕಿಸಕ್ಕೆಂದಳು. ಸರ್ ಥಟ್ಟನೆ ತಿರುಗಿದರು. ಮಿಡತೆಯ ಕಿವಿ, ಕೆನ್ನೆ ಎಲ್ಲ ಬಿಸಿಯಾಯಿತು. ಆದರೂ ಹತ್ತಿದಳು. ನಾಲ್ಕು. ಐದು. ಮೇಲೆ ಹೋಗಿ ನಿಂತಳು. ಸ್ಯಾಕ್ಸೊಫೋನ್ ಸರಿಯಾಗಿ ಅಲ್ಲೇ ಎದ್ದು ಬಂತು.

ಸರ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. "ಗಿಟಾರ್, ಮೂರನೇ ಸ್ವರ ತಪ್ಪು. ಇಷ್ಟು ದಿನ ಸರಿ ಇತ್ತಲ್ಲ?"

"ಇರ್ಲಿಲ್ಲ ಸರ್." ಅವಳ ಧ್ವನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. "ನಾನು ಸೌಂಡ್ ಆಫ್ ಮಾಡಿಡ್ತಿದ್ದೆ. ಅದಕ್ಕೇ ಅವನು ಲೇಟಾಗ್ತಿದ್ದ."

ಸರ್ ಅವಳನ್ನೇ ನೋಡಿದರು. ಆಮೇಲೆ ಬಲೂನನ್ನು ನೋಡಿದರು.

"ನಿನ್ನನ್ನ ಸುಮ್ಸುಮ್ನೆ ಬೈದೆ ಮಗಾ," ಅಂದರು ಅವನಿಗೆ. ಅವಳಿಗೆ, "ಪ್ರಾಕ್ಟೀಸ್ ಮುಗಿದ್ಮೇಲೆ ನೀನು ಇಲ್ಲೇ ಇರು. ಮಾತಾಡ್ಬೇಕು." ಮತ್ತೆ ಎಲ್ಲರಿಗೂ, "ಮೊದಲಿಂದ!"

ಮಾತಾಡೋದು ಏನಿರಬಹುದು? ಬ್ಯಾಂಡಿನಿಂದ ತೆಗೆಯುತ್ತಾರಾ? ಯೋಚಿಸಲು ಸಮಯವಿರಲಿಲ್ಲ. ಹಾಡು ಆಗಲೇ ಆ ಜಾಗಕ್ಕೆ ಬಂದಿತ್ತು. ಮಿಡತೆ ಹತ್ತಿದಳು. ಮೂರನೆಯದು ಈ ಸಲವೂ ಚೂರು ಗರಗರ ಅಂತು. ಮೇಲೆ ಹೋಗಿ ನಿಂತಳು.

ಆಗ ಪಕ್ಕದಿಂದ ಸಣ್ಣದೊಂದು ಸದ್ದು ಕೇಳಿಸಿತು. ಊದುವ ಮುಂಚೆ ಬಲೂನು ಉಸಿರು ಎಳೆದುಕೊಳ್ಳುವ ಸದ್ದು. ಅವನು ದಿನಾ ಹೀಗೇ ಎಳೆದುಕೊಳ್ಳುತ್ತಿದ್ದಿರಬೇಕು. ಇಷ್ಟು ಹತ್ತಿರ ನಿಂತೂ ಅವಳು ಒಂದು ದಿನವೂ ಅದನ್ನು ಕೇಳಿರಲಿಲ್ಲ.

"ಇನ್ನೊಂದ್ಸಲ," ಅಂದರು ಸರ್.

ಈ ಸಲ ಅವಳು ಹತ್ತಿ ನಿಂತು, ಆ ಉಸಿರಿಗೆ ಕಿವಿ ಕೊಟ್ಟಳು.