ತಾತನ ಅಣಬೆ ಜಾಗ

"ಬ್ರಷ್‌ಗೆ ನೀರು ತಾಗಿಸಬೇಡ, ನಿನ್ನ ತಾತ ಬಂದರೆ ಬೈತಾರೆ!" ಎಂದು ಅಜ್ಜಿ ಅಡುಗೆಮನೆಯಿಂದ ಕೂಗಿದಳು.

ಅಪೊಲೇನಾ ತಾತನ ಮಡಿಸುವ ಚಾಕುವನ್ನು ಒರೆಸುತ್ತಿದ್ದಳು. ಅದರ ಹಿಡಿಯ ತುದಿಯಲ್ಲಿ ಪುಟ್ಟ ಬ್ರಷ್ ಇತ್ತು, ಅಣಬೆಗೆ ಅಂಟಿದ ಮಣ್ಣು ಕೊಡವಲು. "ಮಳೆ ಬೀಳೋ ಹೊತ್ತಿಗೆ ಬಂದುಬಿಡ್ತೀನಿ, ಚಾಕು ರೆಡಿ ಇಟ್ಟಿರು" ಎಂದು ಹೇಳಿ ತಾತ ಆಸ್ಪತ್ರೆಗೆ ಹೋಗಿದ್ದ. ಮಳೆ ಬಿದ್ದು ಎರಡು ದಿನವಾಗಿತ್ತು.

ಆಗ ಫೋನ್ ಬಂತು. ಅಪ್ಪ "ಹೌದು" ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಹೌದು" ಎಂದ. ಆಮೇಲೆ ಫೋನನ್ನು ಮೇಜಿನ ಮೇಲೆ ಬಹಳ ಮೆಲ್ಲಗೆ ಇಟ್ಟ.

ಅಜ್ಜಿ ಒಲೆ ಆರಿಸಿದಳು. ಕಿಟಕಿಯ ಎರಡೂ ಬಾಗಿಲು ತೆರೆದಳು. "ಅವರ ಆತ್ಮಕ್ಕೆ ದಾರಿ ಬಿಡಬೇಕು" ಎಂದಳು. ಕೆಳಗೆ ಪ್ರಾಗ್ ನಗರದ ಟ್ರಾಮ್ ಎಂದಿನಂತೆ ಗಂಟೆ ಬಾರಿಸುತ್ತಾ ಹೋಯಿತು. ಅಪೊಲೇನಾ ಚಾಕುವನ್ನು ಮಡಿಸಿ ತನ್ನ ಜೇಬಿಗೆ ಹಾಕಿಕೊಂಡಳು.

ಒಂದು ತಿಂಗಳು ಕಳೆಯಿತು. ಸಂತ ವಾತ್ಸ್ಲಾವರ ಹಬ್ಬದ ರಜೆ ಬಂತು. ಅಮ್ಮನಿಗೆ ಆ ದಿನ ಡ್ಯೂಟಿ. ಉಳಿದ ಮೂವರು ಎಲ್ಲಿಗೆ ಹೋಗುವುದು?

"ಕೋಟೆಗೆ ಹೋಗೋಣ. ರೈಲಲ್ಲಿ ಮುಕ್ಕಾಲು ಗಂಟೆ" ಎಂದ ಅಪ್ಪ.

"ಸ್ಕೂಲಿಂದ ಎರಡು ಸಲ ಹೋಗಿದ್ದೀನಿ. ಗೈಡ್ ಹೇಳೋ ಜೋಕ್ ಕೂಡ ನಂಗೆ ಬಾಯಿಪಾಠ."

"ಹಾಗಾದ್ರೆ ಸ್ವಿಮ್ಮಿಂಗ್?"

"ರಜೆ ದಿನ ಆ ಕೊಳದಲ್ಲಿ ನೀರು ಎಲ್ಲಿರುತ್ತೆ? ಬರೀ ಜನ" ಎಂದಳು ಅಜ್ಜಿ. ಆಮೇಲೆ ಬ್ರೆಡ್ ಕೊಯ್ಯುವುದನ್ನು ನಿಲ್ಲಿಸಿ, "ನಂಗೆ ನಿನ್ನ ತಾತನ ಕಾಡು ನೋಡಬೇಕು" ಎಂದಳು.

ತಾತನ ಅಣಬೆ ಜಾಗ ಯಾರಿಗೂ ಗೊತ್ತಿಲ್ಲ ಎಂದೇ ಮನೆಯಲ್ಲಿ ಮಾತು. ಪ್ರತಿ ಶರತ್ಕಾಲದಲ್ಲೂ ಕಂದು ಟೋಪಿಯ ದಪ್ಪ ಅಣಬೆಗಳನ್ನು ಬುಟ್ಟಿ ತುಂಬ ತರುತ್ತಿದ್ದ. ಎಲ್ಲಿ ಸಿಕ್ಕಿತು ಎಂದರೆ ಒಂದೇ ಉತ್ತರ: "ಕಾಡಲ್ಲಿ."

"ನಲವತ್ತೆರಡು ವರ್ಷ ಸಂಸಾರ ಮಾಡಿದೆ. ಬ್ಯಾಂಕಿನ ಪಾಸ್‌ಬುಕ್ ನನ್ನ ಕೈಗೆ ಕೊಟ್ಟರು. ಅಣಬೆ ಜಾಗ ಮಾತ್ರ ಹೇಳಲಿಲ್ಲ, ಪುಣ್ಯಾತ್ಮರು" ಎಂದಳು ಅಜ್ಜಿ.

ಅಪೊಲೇನಾ ತಟ್ಟೆಯ ಕಡೆ ನೋಡುತ್ತಾ ಕುಳಿತಳು. ಅವಳಿಗೆ ಜಾಗ ಗೊತ್ತಿತ್ತು. ಹೋದ ವರ್ಷ ತಾತ ಅವಳನ್ನು ಕರೆದುಕೊಂಡು ಹೋಗಿದ್ದ. "ಯಾರಿಗೂ ಹೇಳಬಾರದು. ಅಜ್ಜಿಗೂ. ಆ ಕೆಳಗಿನ ಮನೆ ಮಾಲೆಕ್‌ಗಂತೂ ಪ್ರಾಣ ಹೋದರೂ ಹೇಳಬಾರದು" ಎಂದು ಚಾಕುವಿನ ಮೇಲೆ ಕೈ ಇಡಿಸಿ ಮಾತು ತೆಗೆದುಕೊಂಡಿದ್ದ.

ಬದುಕಿದ್ದರೆ ತಾತನನ್ನೇ ಹೋಗಿ ಕೇಳಬಹುದಿತ್ತು. ಈಗ ಮಾತು ಮುರಿಯಲು ಯಾರ ಅಪ್ಪಣೆ ಕೇಳುವುದು? ಅಜ್ಜಿಯ ಕೆಂಪಾದ ಕಣ್ಣು ನೋಡಿದರೆ ಬಾಯಿ ತೆರೆಯಬೇಕು ಅನಿಸುತ್ತಿತ್ತು. ಚಾಕು ಮುಟ್ಟಿದರೆ ಬಾಯಿ ಮುಚ್ಚುತ್ತಿತ್ತು.

"ಕೋಟೆಗೇ ಹೋಗೋಣ" ಎಂದಳು ಕೊನೆಗೆ.

ಹಬ್ಬದ ದಿನ ಅಜ್ಜಿ ಬೆಳಗಿನ ಪೂಜೆಗೆ ಚರ್ಚಿಗೆ ಹೋಗಿ ಬಂದಳು. ಆಮೇಲೆ ಮೂವರೂ ರೈಲು ಹತ್ತಿದರು. ಅಜ್ಜಿಯ ಕೈಯಲ್ಲಿ ತಾತನ ಬೆತ್ತದ ಬುಟ್ಟಿಯಿತ್ತು.

"ಕೋಟೆಗೆ ಬುಟ್ಟಿ ಯಾಕಮ್ಮಾ?" ಎಂದ ಅಪ್ಪ.

"ತಿಂಡಿಗೆ" ಎಂದಳು ಅಜ್ಜಿ.

ಅಪೊಲೇನಾ ಅಪ್ಪನ ತೋಳು ಚಿವುಟಿದಳು. ಬೋಗಿಯ ಆ ತುದಿಯಲ್ಲಿ ಯಾರೋ ಪೇಪರ್ ಹಿಡಿದು ಮುಖ ಮುಚ್ಚಿಕೊಂಡಿದ್ದರು. ಪೇಪರಿನ ಮೇಲೆ ಹಸಿರು ಟೋಪಿ, ಕೆಳಗೆ ಬುಟ್ಟಿ. ಕೆಳಗಿನ ಮನೆಯ ಮಾಲೆಕ್ ಅವರು! ತಾತ ಇದ್ದಾಗಲೂ ಅಣಬೆ ಜಾಗ ಕಂಡುಹಿಡಿಯಲು ಹೀಗೆಯೇ ಹಿಂದೆ ಬೀಳುತ್ತಿದ್ದರು. ಪೇಪರ್ ತಲೆಕೆಳಗಾಗಿತ್ತು.

ರೈಲು ನದಿಯ ಪಕ್ಕದಲ್ಲಿ ಓಡಿತು. ಕೋಟೆಗೆ ಇನ್ನೂ ದೂರವಿರುವಾಗಲೇ ಒಂದು ಸಣ್ಣ ಸ್ಟೇಷನ್ ಬಂತು. ಅದರ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ನೀವೆಲ್ಲ ಬುಟ್ಟಿ ಹಿಡಿದು ಬಂದುಬಿಡುತ್ತೀರಿ.

ಹೋದ ವರ್ಷ ಅಪೊಲೇನಾ ತಾತನ ಜೊತೆ ಇಳಿದದ್ದು ಇಲ್ಲೇ. ಅಷ್ಟರಲ್ಲಿ ಅಜ್ಜಿಯೇ ಎದ್ದು ನಿಂತಳು. "ನಡೀರಿ, ಇಳಿಯೋಣ."

"ಅಜ್ಜೀ! ನಿಂಗೆ ಹೇಗೆ ಗೊತ್ತು?"

"ಅವರ ಪ್ಯಾಂಟ್ ಒಗೆದವಳು ಯಾರು? ಪ್ರತಿ ಸಲ ಜೇಬಲ್ಲಿ ಈ ಊರಿನ ಟಿಕೆಟ್! ಬುದ್ಧಿವಂತರು, ಪಾಪ" ಎಂದಳು ಅಜ್ಜಿ. "ಗೊತ್ತಿಲ್ಲದ ಹಾಗೇ ಇದ್ದೆ. ಬಚ್ಚಿಡೋದರಲ್ಲಿ ಅವರಿಗೆ ಎಷ್ಟು ಖುಷಿ ಇತ್ತು, ಗೊತ್ತಾ?"

ಪ್ಲಾಟ್‌ಫಾರ್ಮಿನಲ್ಲಿ ಅಜ್ಜಿ ಬಗ್ಗಿ ಮೆಲ್ಲಗೆ ಹೇಳಿದಳು: "ಇಲ್ಲಿಂದ ಮುಂದೆ ನಂಗೆ ನಿಜವಾಗಿಯೂ ಗೊತ್ತಿಲ್ಲ. ನೀನು ಮಾತು ಕೊಟ್ಟಿರಬೇಕು, ಅಲ್ವಾ? ಹೇಳಬೇಡ ಕಂದಾ. ನಿನ್ನ ಪಾಡಿಗೆ ನೀನು ನಡಿ. ನಾನು ನಿನ್ನ ಹಿಂದೆ ಬರೋ ಮುದುಕಿ, ಅಷ್ಟೇ."

ಅಪೊಲೇನಾ ಜೇಬಿನ ಚಾಕುವನ್ನು ಮುಟ್ಟಿ ನೋಡಿದಳು. ತಾತ ಇದನ್ನು ಕೇಳಿದ್ದರೆ ಮೀಸೆಯಲ್ಲೇ ನಗುತ್ತಿದ್ದ.

ಆದರೆ ಕಂಬದ ಹಿಂದೆ ಹಸಿರು ಟೋಪಿ ಕಾಣುತ್ತಿತ್ತು. ಕಂಬ ತೆಳ್ಳಗಿತ್ತು, ಮಾಲೆಕ್ ಅವರು ದಪ್ಪಗಿದ್ದರು. ಅಪೊಲೇನಾ ತಾತ ಮಾಡುತ್ತಿದ್ದ ಹಾಗೆ ಗಂಟಲು ಸರಿಮಾಡಿಕೊಂಡು ಜೋರಾಗಿ ಕೂಗಿದಳು: "ಅಪ್ಪಾ, ಹಳೇ ಗಿರಣಿ ಕಡೆಗೇ ತಾನೆ? ಅಲ್ಲೇ ತಾನೆ ಅಣಬೆ?"

ಹಸಿರು ಟೋಪಿ ಬಿರಬಿರನೆ ಗಿರಣಿಯ ದಾರಿ ಹಿಡಿಯಿತು. ಅಲ್ಲಿ ಮುಳ್ಳು ಬಿಟ್ಟರೆ ಏನೂ ಇರಲಿಲ್ಲ. ಅಪ್ಪ ನಗು ತಡೆಯಲು ತುಟಿ ಕಚ್ಚಿಕೊಂಡ.

ಅಪೊಲೇನಾ ಹಳಿ ದಾಟಿ, ಗುಡ್ಡ ಹತ್ತಿ, ಮೂರು ಬಿಳಿ ಕಾಂಡದ ಮರಗಳ ಹತ್ತಿರ ಎಡಕ್ಕೆ ತಿರುಗಿ ನಿಂತಳು. ಪಾಚಿಯ ನಡುವೆ ಕಂದು ಟೋಪಿಗಳು ಇಣುಕುತ್ತಿದ್ದವು. ಪಕ್ಕದಲ್ಲಿ ಎರಡು ಮರದ ಬೊಡ್ಡೆಗಳ ಮೇಲೆ ತಾತ ಇಟ್ಟಿದ್ದ ಹಲಗೆ.

ಅಜ್ಜಿ ಸುತ್ತಲೂ ನೋಡಿದಳು. "ಇಷ್ಟೇನಾ? ನಮ್ಮ ಅಡುಗೆಮನೆಯಷ್ಟೂ ಇಲ್ಲ! ಇದಕ್ಕೇನಾ ನಲವತ್ತೆರಡು ವರ್ಷ ಅಷ್ಟು ನಾಟಕ ಆಡಿದ್ದು?" ಎಂದು ನಕ್ಕಳು. ನಗುತ್ತಾ ನಗುತ್ತಾ ಹಲಗೆಯ ಮೇಲೆ ಕುಳಿತು ಸ್ಕಾರ್ಫಿನಿಂದ ಕಣ್ಣೊರೆಸಿಕೊಂಡಳು. ಅಪೊಲೇನಾ ಚಾಕು ಬಿಚ್ಚಿ ಮೊದಲ ಅಣಬೆಯನ್ನು ಕೊಯ್ದು, ಬ್ರಷ್‌ನಿಂದ ಮಣ್ಣು ಕೊಡವಿ, ಅವಳ ಮಡಿಲಲ್ಲಿಟ್ಟಳು.

ಸಂಜೆ ಸ್ಟೇಷನ್ನಿಗೆ ಬಂದರೆ ಮಾಲೆಕ್ ಅವರು ಬೆಂಚಿನ ಮೇಲೆ ಕುಳಿತಿದ್ದರು. ಬುಟ್ಟಿ ಖಾಲಿ, ಪ್ಯಾಂಟಿನ ತುಂಬ ಮುಳ್ಳು.

ಅಪೊಲೇನಾಳಿಗೆ ನಾಚಿಕೆಯಾಯಿತು. "ಸಾರಿ. ಗಿರಣಿ ಹತ್ರ ಏನೂ ಇಲ್ಲ ಅಂತ ನಂಗೆ ಗೊತ್ತಿತ್ತು."

"ನಂಗೆ ಗೊತ್ತಿಲ್ವಾ ಪುಟ್ಟಿ? ಮೂವತ್ತು ವರ್ಷದಿಂದ ಅದೇ ಗಿರಣಿ, ಅದೇ ಮುಳ್ಳು."

"ಮತ್ತೆ ಯಾಕೆ ಹೋಗ್ತಿದ್ರಿ?"

"ನಿನ್ನ ತಾತ ಕಳಿಸ್ತಿದ್ದನಲ್ಲ." ಮಾಲೆಕ್ ಅವರು ಒಂದು ಮುಳ್ಳು ಕಿತ್ತರು. "ಅವನು ಹೋದ ಮೇಲೆ ಗಿರಣಿಗೆ ಕಳಿಸೋರೇ ಇಲ್ಲ ಅಂದುಕೊಂಡಿದ್ದೆ. ಬೆಳಿಗ್ಗೆ ನೀನು ಕೂಗಿದೆಯಲ್ಲ, ಅದೇ ದನಿ. ಓಡಿಬಿಟ್ಟೆ."

ಅಪೊಲೇನಾ ಬೆಂಚಿನ ಮೇಲೆ ಅವರ ಪಕ್ಕ ಕುಳಿತು, ತಾತನ ಬುಟ್ಟಿಯಿಂದ ದೊಡ್ಡ ದೊಡ್ಡ ಅಣಬೆಗಳನ್ನೇ ಆರಿಸಿ ಅವರ ಬುಟ್ಟಿಗೆ ಹಾಕಿದಳು.

ಮಾಲೆಕ್ ಅವರು ಒಂದನ್ನು ಎತ್ತಿ ಮೂಸಿ ನೋಡಿದರು. ಕಣ್ಣು ಕಿರಿದು ಮಾಡಿದರು. "ಎಲ್ಲಿ ಸಿಕ್ತು?"

"ಕಾಡಲ್ಲಿ" ಎಂದಳು ಅಪೊಲೇನಾ.

ನದಿಯ ಆಚೆಯ ಚರ್ಚಿನಲ್ಲಿ ಸಂಜೆಯ ಗಂಟೆ ಮೊಳಗಿತು. ಅಜ್ಜಿ ಎದ್ದು ನಿಂತು ಶಿಲುಬೆಯ ಗುರುತು ಮಾಡಿಕೊಂಡು, ತಾತನ ಹೆಸರು ಹೇಳಿ ಪ್ರಾರ್ಥಿಸತೊಡಗಿದಳು. ಚರ್ಚಿನ ಮೆಟ್ಟಿಲು ಹತ್ತದ ಮಾಲೆಕ್ ಅವರೂ ಹಸಿರು ಟೋಪಿ ತೆಗೆದರು.

"ಪ್ರಭುವೇ, ನಮ್ಮ ಅಲೋಯಿಸ್‌ಗೆ ನಿತ್ಯ ವಿಶ್ರಾಂತಿ ಕೊಡು. ಆರದ ಬೆಳಕು ಅವರ ದಾರಿಯ ಮೇಲೆ ಬೀಳಲಿ. ಅವರ ಆತ್ಮ ನಿನ್ನಲ್ಲಿ ಶಾಂತಿಯಿಂದಿರಲಿ. ಆಮೆನ್."